ಮನೆಯ ಸಾಲವೂ ಪರಿಮಾಣವ್ರತವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶ್ರಾವಕರ ಮನೆಗಳಲ್ಲಿ ಏಕಾಶನ, ರಸಪರಿತ್ಯಾಗ, ಉಪವಾಸಗಳು ಯಥಾಶಕ್ತಿ ನಡೆಯುತ್ತವೆ. ಉತ್ತಮ ಶೌಚದ ದಿನ ಲೋಭತ್ಯಾಗವನ್ನೂ ಉತ್ತಮ ಆಕಿಂಚನ್ಯದ ದಿನ ಮಮತ್ವತ್ಯಾಗವನ್ನೂ ಕುರಿತ ಉಪದೇಶ ಕಿವಿಗೆ ಬೀಳುತ್ತದೆ. ಹೊರಗೆ ಮಳೆ. ಅಡಿಕೆ ಇನ್ನೂ ಮರದ ಮೇಲಿದೆ. ಕೊಳೆರೋಗಕ್ಕೆ ಮದ್ದು ಹೊಡೆಸಿದ ಕೂಲಿ ಆಗಲೇ ಕೈಬಿಟ್ಟಿದೆ. ಕೊಯ್ಲಿನ ಹಣ ಕೈಸೇರಲು ತಿಂಗಳುಗಳು ಬೇಕು. ಇಂಥ ದಿನಗಳಲ್ಲಿ ಬಸದಿಯಿಂದ ಮರಳಿದ ಶ್ರಾವಕನನ್ನು ಮನೆಯಲ್ಲಿ ಕಾದಿರುವುದು ಗೃಹಸಾಲದ ಲೆಕ್ಕದ ಹಾಳೆ.

ಉಪವಾಸವು ಧರ್ಮಕ್ಕೆ ಸೇರಿದ್ದು, ಸಾಲವು ವ್ಯವಹಾರಕ್ಕೆ ಸೇರಿದ್ದು ಎಂದು ಅನೇಕರು ತಿಳಿದಿದ್ದಾರೆ. ಶಾಸ್ತ್ರದಲ್ಲಿ ಹಾಗೆ ಗೋಡೆ ಎಬ್ಬಿಸಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸುವುದೇ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳತೆ ಬೇಕಾದುದು ವಸ್ತುವಿಗೆ ಮಾತ್ರವಲ್ಲ, ಬಯಕೆಗೆ. ಸಾಲ ಮಾಡಿ ಮನೆ ಕಟ್ಟಿದವನು ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಯನ್ನು ಇಂದೇ ತನ್ನ ಪರಿಗ್ರಹಕ್ಕೆ ಸೇರಿಸಿಕೊಂಡಿದ್ದಾನೆ. ಮಲೆನಾಡಿನ ಮಳೆಗೆ ಗಟ್ಟಿಯಾದ ಮಾಡು ಬೇಕು. ಸಾಲ ಮಾಡಿದ್ದೇ ದೋಷವೆನ್ನಲಾಗದು. ಆದರೆ ಆ ಸಾಲವನ್ನು ಮರೆತು ಬಾಳುವುದು ಅಳತೆಯನ್ನೇ ಮರೆತು ಬಾಳಿದಂತೆ.

ಸಿದ್ದಾಪುರದ ಒಂದು ಸಂಸಾರವನ್ನು ಉದಾಹರಣೆಗಾಗಿ ಭಾವಿಸಬಹುದು. ಯಜಮಾನನಿಗೆ ತಿಂಗಳ ಸಂಬಳ, ಊರಲ್ಲಿ ತುಂಡು ತೋಟ. ಮನೆಗಾಗಿ 10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 9, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲನೆಯ ಕಂತಿನಲ್ಲಿ 7,500 ರೂಪಾಯಿ ಬಡ್ಡಿಗೇ ಹೋಗುತ್ತದೆ; ಅಸಲಿನಿಂದ ಇಳಿಯುವುದು 1,500ಕ್ಕೂ ಕಡಿಮೆ. ಇಪ್ಪತ್ತು ವರ್ಷ ಹೀಗೆಯೇ ತೆತ್ತರೆ ಬಡ್ಡಿಯೇ 11 ಲಕ್ಷ 59 ಸಾವಿರದಷ್ಟಾಗುತ್ತದೆ, ತಂದ ಅಸಲಿಗಿಂತ ಹೆಚ್ಚು. ಅದೇ ಸಂಸಾರವು ಮೊದಲ ತಿಂಗಳಿನಿಂದ 2,000 ರೂಪಾಯಿ ಹೆಚ್ಚಿಗೆ ಕಟ್ಟುತ್ತ ಬಂದರೆ ಸಾಲವು 12 ವರ್ಷ 10 ತಿಂಗಳಿಗೆ ತೀರುತ್ತದೆ. ಸುಮಾರು 4 ಲಕ್ಷ 73 ಸಾವಿರ ರೂಪಾಯಿ ಬಡ್ಡಿ ಉಳಿಯುತ್ತದೆ. ಆರಂಭದ ವರ್ಷಗಳಲ್ಲಿ ಕಟ್ಟಿದ ಹೆಚ್ಚಿನ ಹಣಕ್ಕೆ ಬಲ ಹೆಚ್ಚು. ಏಕೆಂದರೆ ಅದು ನೇರವಾಗಿ ಅಸಲನ್ನು ಇಳಿಸುತ್ತದೆ, ಇಳಿದ ಅಸಲಿಗೆ ಮುಂದೆಂದೂ ಬಡ್ಡಿ ಹುಟ್ಟುವುದಿಲ್ಲ.

ಈ 2,000 ರೂಪಾಯಿ ಎಲ್ಲಿಂದ ಬರಬೇಕು? ಭೋಗೋಪಭೋಗ ಪರಿಮಾಣ ವ್ರತವು ಪ್ರಯೋಜನಕ್ಕೆ ಬರುವುದು ಇಲ್ಲಿ. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಇವುಗಳ ತ್ಯಾಗವನ್ನು ಸಮಂತಭದ್ರರು ಎರಡು ವಿಧವಾಗಿ ಹೇಳಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಸಾಲ ತೀರುವವರೆಗೆ ಎಂಬ ಸಂಕಲ್ಪವು ನಿಯಮ. ದಂಪತಿಗಳಿಬ್ಬರೂ ಕೂಡಿ ಕುಳಿತು, ವರ್ಷಕ್ಕೆ ಬಟ್ಟೆ ಇಷ್ಟು ಜೊತೆ, ಹೊಸ ಒಡವೆ ಇಲ್ಲ, ಇರುವ ದೂರದರ್ಶನ ಪೆಟ್ಟಿಗೆಯೇ ಸಾಕು, ಪ್ರವಾಸ ವರ್ಷಕ್ಕೊಂದು, ಅದೂ ತೀರ್ಥಕ್ಷೇತ್ರಕ್ಕೆ ಎಂದು ಬರೆದಿಟ್ಟುಕೊಳ್ಳಬೇಕು. ಬರೆಯದ ಅಳತೆ ಜಾತ್ರೆಯ ಅಂಗಡಿಸಾಲಿನವರೆಗೂ ಉಳಿಯುವುದಿಲ್ಲ. ರಾತ್ರಿಭೋಜನತ್ಯಾಗವನ್ನು ನಿಷ್ಠೆಯಿಂದ ಪಾಲಿಸುವ ಮನೆಯಲ್ಲಿ ಸಂಜೆಯ ಹೋಟೆಲಿನ ಖರ್ಚೇ ಇರದು. ಬೇಸಿಗೆಯಲ್ಲಿ ಹಿತ್ತಲ ಮುರುಗಲ ಹಣ್ಣಿನ ಪಾನಕವಿರುವಾಗ ಅಂಗಡಿಯ ಬಾಟಲಿ ಬೇಕಾಗದು. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಸಾಕು. ಒಲೆಗೆ ಒಡ್ಡುವ ಮುನ್ನ ಅದನ್ನು ಕೊಡವಿ ಜೀವಜಂತುಗಳಿವೆಯೇ ಎಂದು ನೋಡುವುದನ್ನು ಮಾತ್ರ ಮರೆಯಬಾರದು.

ಉಳಿತಾಯದ ಹೆಸರಿನಲ್ಲಿ ಕಡಿಯಬಾರದ ಖರ್ಚುಗಳೂ ಇವೆ. ಕೊನೆ ಕೊಯ್ಯುವವನ ಮತ್ತು ಅಡಿಕೆ ಸುಲಿಯುವವಳ ಕೂಲಿಯಲ್ಲಿ ಹಿಡಿದು ಸಾಲಕ್ಕೆ ಕಟ್ಟಿದ ಹಣ ಶುದ್ಧವಲ್ಲ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗಿಟ್ಟಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವು ಪ್ರಮಾಣದಲ್ಲಿ ಕಿರಿದಾಗಬಹುದು, ನಿಲ್ಲಬಾರದು. ವೃದ್ಧರ ಔಷಧಿ, ಮಕ್ಕಳ ಹಾಲು ಈ ಲೆಕ್ಕದ ಹೊರಗಿರಬೇಕು. ಸಮಂತಭದ್ರರು ಈ ವ್ರತದ ಅತಿಚಾರಗಳಲ್ಲಿ ಅತಿಭಾರವಾಹನವನ್ನೂ ಹೇಳಿದ್ದಾರೆ. ಅದರ ನೇರ ಅರ್ಥ ಎತ್ತಿನ ಮೇಲೆ ಮಿತಿಮೀರಿ ಹೇರು ಹೊರಿಸುವುದು. ಇಂದು ಎಷ್ಟೋ ಮನೆಗಳಲ್ಲಿ ಆ ಹೇರು ಬೀಳುವುದು ಗೃಹಿಣಿಯ ಮೇಲೆ. ಅಡುಗೆಮನೆಯ ತುಪ್ಪದ ಡಬ್ಬಿಯಲ್ಲಿ ಮಿತವ್ಯಯ. ಯಜಮಾನನ ಪೇಟೆ ತಿರುಗಾಟಕ್ಕೂ ಹೊಸ ಮೋಟಾರು ಸೈಕಲ್ಲಿಗೂ ಲೆಕ್ಕವಿಲ್ಲ. ಇದು ವ್ರತವಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಅವನ ತ್ಯಾಗವಿರಲಿ.

ಮಿತವ್ಯಯವೇ ಲೋಭವಾಗಿ ತಿರುಗುವ ಅಪಾಯವನ್ನು ಪೂರ್ವಾಚಾರ್ಯರು ಬಲ್ಲರು. ರತ್ನಕರಂಡಕಕ್ಕೆ ಪ್ರಭಾಚಂದ್ರರು ಬರೆದ ಟೀಕೆಯಲ್ಲಿ ಬರುವ ಶ್ಮಶ್ರುನವನೀತನ ಕಥೆ ಶ್ರಾವಕರಿಗೆ ಹೊಸತಲ್ಲ. ಲುಬ್ಧದತ್ತನೆಂಬ ವಣಿಕನು ವ್ಯಾಪಾರದ ಹಣವನ್ನು ಕಳ್ಳರ ಪಾಲು ಮಾಡಿ ಬರುತ್ತಿರುವಾಗ ಗೊಲ್ಲರಲ್ಲಿ ಮಜ್ಜಿಗೆ ಬೇಡಿ ಕುಡಿದನು. ಮೀಸೆಗೆ ಹತ್ತಿದ ಬೆಣ್ಣೆಯನ್ನು ಕಂಡು, ಇದನ್ನೇ ಕೂಡಿಸುವೆನೆಂದು ದಿನದಿನವೂ ಹಾಗೆಯೇ ಮಾಡಿದನು. ಇಲ್ಲಿಯವರೆಗೆ ಅವನಷ್ಟು ಜಾಣ ಉಳಿತಾಯಗಾರ ಮತ್ತೊಬ್ಬನಿಲ್ಲ! ಒಂದು ಗಡಿಗೆ ತುಪ್ಪವಾಯಿತು. ಚಳಿಗಾಲದ ರಾತ್ರಿ ಗುಡಿಸಲಿನಲ್ಲಿ ಬೆಂಕಿ ಹಾಕಿ, ಕಾಲದೆಸೆಯಲ್ಲಿ ಗಡಿಗೆಯನ್ನಿಟ್ಟು ಮಲಗಿ ಎಣಿಸತೊಡಗಿದನು. ತುಪ್ಪ ಮಾರಿ ಸರಕು, ಸರಕಿನಿಂದ ಸಂಪತ್ತು, ಆಮೇಲೆ ಸಾಮಂತಪದವಿ, ರಾಜಪದವಿ, ಏಳು ಅಂತಸ್ತಿನ ಪ್ರಾಸಾದ. ಅಲ್ಲಿ ಕಾಲೊತ್ತುವ ಸ್ತ್ರೀರತ್ನವನ್ನು ವಿನೋದಕ್ಕೆ ಒದೆಯುವೆನೆಂದು ಕಾಲು ಚಾಚಿದನು. ಗಡಿಗೆ ಉರುಳಿತು, ತುಪ್ಪ ಬೆಂಕಿಗೆ ಬಿದ್ದಿತು, ಗುಡಿಸಲಿನೊಡನೆ ಅವನೂ ಬೆಂದನು. ಮಿತಿಯಿಲ್ಲದ ಇಚ್ಛೆಯೊಡನೆ ಸತ್ತುದರಿಂದ ದುರ್ಗತಿಯಾಯಿತು. ಅವನು ಉಳಿಸಿದ್ದು ತಪ್ಪಲ್ಲ. ಎಲ್ಲಿಗೆ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಲಿಲ್ಲ.

ಇನ್ನು ವ್ಯವಹಾರದ ಎರಡು ಮಾತು. ಅಡಿಕೆಯ ಸೀಮೆಯಲ್ಲಿ ಹಣ ತಿಂಗಳು ತಿಂಗಳು ಬರುವುದಿಲ್ಲ, ಕೊಯ್ಲು ಮುಗಿದು ಮಾರಾಟವಾದಾಗ ಗಂಟಾಗಿ ಬರುತ್ತದೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಹುಟ್ಟಿದ ಮೇಲೆ ಬೆಳೆಗಾರನಿಗೆ ಸಂಘಟಿತ ಮಾರಾಟದ ಆಸರೆ ದೊರೆಯಿತು. ಆದರೆ ಮಾರಿದ ದಿನದ ಗಂಟನ್ನು ಕಾಯುವುದು ಅವನದೇ ಹೊಣೆ. ಮಾರಾಟದ ವಾರದಲ್ಲಿಯೇ, ಮದುವೆಯ ಕರೆಯೋಲೆಗಳು ಬರುವ ಮುನ್ನ, ಸಂಕಲ್ಪಿಸಿದ ಭಾಗವನ್ನು ಅಸಲಿಗೆ ಜಮಾ ಮಾಡಿ ರಶೀದಿ ಪಡೆಯಬೇಕು. ಕಂತು ಇಳಿಸುವುದು ಬೇಡ, ಅವಧಿ ಇಳಿಸಿರಿ ಎಂದು ಸ್ಪಷ್ಟವಾಗಿ ಬರೆದುಕೊಡಬೇಕು. ವ್ಯಕ್ತಿಗಳು ಬದಲಾಗುವ ಬಡ್ಡಿದರದಲ್ಲಿ ಪಡೆದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆದೇಶಿಸಿದೆ. ಒಡವೆಯ ಮೇಲಿನ ಸಾಲ, ಹೆಚ್ಚು ಬಡ್ಡಿಯ ಕೈಸಾಲಗಳಿದ್ದರೆ ಅವು ಮೊದಲು ತೀರಲಿ. ಕೆಲವು ತಿಂಗಳ ಖರ್ಚಿನಷ್ಟು ಹಣ ಬೇರೆಯೇ ಇರಲಿ. ಇಲ್ಲವಾದರೆ ಮನೆಯಲ್ಲೊಂದು ಜ್ವರ ಬಂದರೂ ಬಳೆ ಅಡವಿಗೆ ಹೋಗುತ್ತದೆ.

ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಸ್ತಾವೇಜುಗಳನ್ನು ಹಿಂದಿರುಗಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮವು 2023ರ ಡಿಸೆಂಬರ್ 1ರಿಂದ ಬ್ಯಾಂಕುಗಳಿಗೆ ಅನ್ವಯಿಸಿದೆ. ಜಮೀನು ಅಡಮಾನವಾಗಿದ್ದರೆ ಪಹಣಿಯ ಋಣದ ಅಂಕಣವನ್ನೂ ತೆಗೆಸಿಕೊಳ್ಳಬೇಕು.

ಆ ದಸ್ತಾವೇಜು ಕೈಗೆ ಬಂದ ತಿಂಗಳು ಸಿದ್ದಾಪುರದ ಆ ಸಂಸಾರದಲ್ಲಿ 10,997 ರೂಪಾಯಿ ಬಿಡುವಾಗುತ್ತದೆ. ಮಹಡಿ ಎತ್ತಿಸೋಣವೆಂದು ಯಜಮಾನನಿಗೆ ತೋರಬಹುದು. ಸಾಲ ಕೊಡುವವರೂ ಸಿದ್ಧರಿರುತ್ತಾರೆ. ನಿಯಮದ ಅವಧಿ ಮುಗಿದಿದೆ, ಯಾವ ಭಂಗವೂ ಇಲ್ಲ. ಹದಿಮೂರು ವರ್ಷಗಳ ಹಿಂದಿನ ಪಟ್ಟಿಯನ್ನು ಆಕೆ ದೇವರ ಮನೆಯಿಂದ ತಂದು ಮುಂದಿಡುತ್ತಾಳೆ. ಅದರಲ್ಲಿ ಯಾವ ಸಾಲುಗಳು ಈಗ ಅಭ್ಯಾಸವಾಗಿ ಹೋಗಿವೆಯೋ ಅವನ್ನು ಯಮವಾಗಿ ಸ್ವೀಕರಿಸಲು ಅಡ್ಡಿಯಿಲ್ಲ. ಸೋಂದೆಯ ಮಠದಲ್ಲಿ ಶ್ರೀ ಭಟ್ಟಾಕಳಂಕ ಸ್ವಾಮಿಗಳ ಸನ್ನಿಧಿಯಲ್ಲಾಗಲಿ, ಬಿಳಗಿಯ ರತ್ನತ್ರಯ ಬಸದಿಯಲ್ಲಿ ಜಿನಬಿಂಬದ ಮುಂದಾಗಲಿ, ದಂಪತಿಗಳಿಬ್ಬರೂ ಒಟ್ಟಿಗೆ ಹೋಗಿ ಅದನ್ನು ಸ್ವೀಕರಿಸಬಹುದು.