ಕಡಲತಡಿಯ ಚೌಕಾಸಿ

ಕ್ರಿಸ್‌ಮಸ್ ರಜೆಯಲ್ಲಿ ಸಂಸಾರಸಮೇತ ಗೋವೆಯ ಕಲಂಗೂಟಿಗೆ ಹೋಗಿದ್ದೆ. ಸುಡುವ ಮರಳಿನಲ್ಲಿ ಮಣಿಸರ ಮಾರುತ್ತಿದ್ದ ಲಂಬಾಣಿ ಹೆಂಗಸೊಬ್ಬಳೊಡನೆ ಹರಕು ಹಿಂದಿಯಲ್ಲಿ ಚೌಕಾಸಿ ಮಾಡಿ, 200 ರೂಪಾಯಿಯ ಸರವನ್ನು 80ಕ್ಕಿಳಿಸಿ ಹಿಗ್ಗಿದೆ. ಅಷ್ಟರಲ್ಲಿ ಮಗಳು ನನ್ನೊಡನೆ ಕನ್ನಡದಲ್ಲೇನೋ ಅಂದಳು. ಆಕೆಯ ಮುಖ ಅರಳಿತು.

“ಕನ್ನಡದವರೇನ್ರೀ ಅಣ್ಣಾರ? ನಮ್ದೂ ಗದಗಿನ ಕಡೀ ತಾಂಡಾರೀ.”

ನಾಚಿ 200 ರೂಪಾಯಿಯನ್ನೇ ಕೊಟ್ಟೆ.

ಇದನ್ನು ಕರುಣೆ ಎನ್ನೋಣವೆ? ಆ ರಾತ್ರಿ ಸಂತ ಅಲೆಕ್ಸರ ಇಗರ್ಜಿಯ ಕಡೆ ಜನ ಹೋಗುತ್ತಿದ್ದುದನ್ನು ನೋಡುತ್ತ ಇದನ್ನೇ ಯೋಚಿಸಿದೆ. ಆಕೆ ಕನ್ನಡ ಆಡುವುದಕ್ಕೆ ಮುಂಚೆಯೂ ಬಿಸಿಲು ಅದೇ, ಆಕೆಯ ದುಡಿಮೆಯೂ ಅದೇ. ಬದಲಾದದ್ದು ನನ್ನ ಕಿವಿ ಮಾತ್ರ. ಕನ್ನಡ ಕಲಿಸಿ ಬದುಕುವ ನನಗೆ ಈ ಮಾತು ಕಹಿಯೇ. ನಮ್ಮವರಿಗೆ ತೋರುವುದು ಮಮತೆ. ನಮ್ಮವರಲ್ಲದವರಿಗೂ ಸಲ್ಲಬೇಕಾದದ್ದು ನ್ಯಾಯ. ನಾನು ಕೊಟ್ಟದ್ದು ಮೊದಲನೆಯದು. ಎರಡನೆಯದು ಇನ್ನೂ ಬಾಕಿಯಿದೆ.