ಮನೆಯ ಎಲ್ಲೆ ಮತ್ತು ದೇಶವ್ರತ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಬಾದಾಮಿ, ಬನಶಂಕರಿ, ಇಳಕಲ್ಲುಗಳ ಮನೆಮಂದಿಯೂ ಹೊಸಿಲೊಳಗೆ ಉಳಿಯಬೇಕಾಯಿತು. ಏಪ್ರಿಲ್ 6ರ ಮಹಾವೀರ ಜಯಂತಿಯೂ ಅದೇ ಅವಧಿಯಲ್ಲಿ ಬಂದಿತು. ನಿಯತ ಕಾಲದವರೆಗೆ ಮನೆಯ ಅಥವಾ ಊರಿನ ಎಲ್ಲೆಯನ್ನು ದಾಟದಿರುವುದು ಶ್ರಾವಕಾಚಾರದಲ್ಲಿ ದೇಶವ್ರತವೆನಿಸುತ್ತದೆ. ಹಾಗಾದರೆ ಸರ್ಕಾರದ ಆಜ್ಞೆಯಿಂದ ಒಳಗುಳಿದವನೂ ವ್ರತಿಯೇ?

ಸೆರೆಯಲ್ಲಿರುವವನು ಇಚ್ಛೆಯಿಲ್ಲದೆ ಸಹಿಸುವ ಹಸಿವು ಬಾಯಾರಿಕೆಗಳನ್ನು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಅಕಾಮನಿರ್ಜರೆಗೆ ನಿದರ್ಶನವಾಗಿ ಹೇಳಿದ್ದಾರೆ. ಅಂಥ ಸಹನೆ ನಿಷ್ಫಲವಲ್ಲ, ಆದರೂ ವ್ರತವಲ್ಲ. ವ್ರತಕ್ಕೆ ಸಂಕಲ್ಪ ಬೇಕು.

ಆ ಸಂಕಲ್ಪದ ಪರೀಕ್ಷೆ ನಡೆಯುವುದು ಮನೆಯೊಳಗೇ. ಇಳಕಲ್ಲಿನ ನೇಕಾರರ ಎಷ್ಟೋ ಮನೆಗಳಲ್ಲಿ ಕುಣಿಮಗ್ಗವಿರುವುದು ವಾಸದ ಮನೆಯಲ್ಲಿಯೇ. ನೂಲು ಸುತ್ತುವುದು, ಕಂಡಿಕೆ ತುಂಬುವುದು ಹೆಚ್ಚಾಗಿ ಸ್ತ್ರೀಯರ ಕೆಲಸ, ಅಡುಗೆಯೂ ಅವರದೇ. ಸೀರೆಯ ಮಾರಾಟ ನಿಂತರೆ ಮಗ್ಗ ನಿಲ್ಲಬಹುದು, ಒಲೆ ನಿಲ್ಲದು. ಹೊರಗಿನ ಸಂಚಾರವನ್ನು ಬಿಟ್ಟ ಗೃಹಸ್ಥನು ಒಳಗೆ ಕುಳಿತು ಹೊತ್ತುಹೊತ್ತಿಗೆ ತಿಂಡಿತಿನಿಸು ಕೇಳಿದರೆ ಅವನ ಕಾಲು ನಿಂತಿತೇ ಹೊರತು ಆಸೆ ನಿಲ್ಲಲಿಲ್ಲ. ಅವನ ವಿಶ್ರಾಂತಿಯ ಭಾರವನ್ನು ಮತ್ತೊಂದು ಜೀವ ಹೊತ್ತಿತು. ಇದು ಅಹಿಂಸೆಗೆ ಒಪ್ಪುವ ಮಾತಲ್ಲ. ಆದುದರಿಂದಲೇ ದೇಶವ್ರತದೊಡನೆ ಭೋಗೋಪಭೋಗ ಪರಿಮಾಣವನ್ನೂ ಆಚಾರ್ಯರು ವಿಧಿಸಿದ್ದಾರೆ.

ಬನಶಂಕರಿಗೆ ಸಮೀಪದ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿದೆ. ಆ ನಿಶ್ಚಲತೆ ಯಾರಿಂದಲೂ ಸೇವೆಯನ್ನು ಬೇಡಲಿಲ್ಲ. ಗೃಹಸ್ಥನಿಂದ ಅಷ್ಟು ಸಾಧ್ಯವಾಗದಿರಬಹುದು. ಆದರೆ ರೋಗದಿಂದಲೋ ಮುಪ್ಪಿನಿಂದಲೋ ಮನೆಯಲ್ಲಿಯೇ ಉಳಿಯುವ ಪ್ರಸಂಗ ಮತ್ತೆ ಬಂದೀತು. ಆಗ ಅವನು ತನ್ನ ಬೇಡಿಕೆಗಳಿಗೆ ತಾನೇ ಎಲ್ಲೆ ಹಾಕಿಕೊಳ್ಳಲಿ. ಶಕ್ತಿಯಿದ್ದಷ್ಟು ನೀರು ತುಂಬುವ, ಪಾತ್ರೆ ತೊಳೆಯುವ ಕೆಲಸದಲ್ಲಿ ಪಾಲುಗೊಳ್ಳಲಿ. ಆಜ್ಞೆಯಿಂದ ಬಂದ ಎಲ್ಲೆಯು ವ್ರತವಾಗುವುದು ಅಲ್ಲಿಂದ.