ಮನೆಯನ್ನು ಮಾರುವದಕ್ಕೆ ಮುಂಚೆ

ಎತ್ತನ್ನು ಕೊಳ್ಳುವವನು ಅದರ ಬಾಯಿ ತೆರೆದು ಹಲ್ಲು ಎಣಿಸುವನು. ಮನೆಯನ್ನು ಕೊಳ್ಳುವವನಾದರೋ ಹೊಸದಾಗಿ ಬಳಿದ ಸುಣ್ಣವನ್ನು ಕಂಡು ಸಂತುಷ್ಟನಾಗುವನು. ತೊಲೆಯ ತುದಿಯು ಗೋಡೆಯೊಳಗೆ ಗೆದ್ದಲು ತಿಂದು ಟೊಳ್ಳಾಗಿದ್ದರೆ ಅವನಿಗೆ ಹೇಗೆ ತಿಳಿಯುವದು? ಆದದರಿಂದ ಮಾರುವವನೇ ಮುಂಚಿತವಾಗಿ ಬಡಗಿಯನ್ನು ಕರೆದು ಮನೆಯನ್ನು ಪರೀಕ್ಷಿಸತಕ್ಕದ್ದೋ ಎಂದು ವಿಚಾರಿಸೋಣ.

ಈ ಪ್ರಶ್ನೆಯು ಬಹು ಹಳೆಯದು. ಕ್ರಿಸ್ತಪೂರ್ವ ೪೪ರಲ್ಲಿ ರೋಮಿನ ಸಿಸೆರೋ ಎಂಬವನು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥ ಒಂದು ಮನೆಯ ಸಂಗತಿಯುಂಟು. ಅದರ ಮರ ಕೆಟ್ಟದ್ದು, ಕೋಣೆಗಳಲ್ಲಿ ಹಾವುಗಳು. ಒಡೆಯನ ಹೊರತು ಯಾರೂ ಅರಿಯರು. ಕೊಳ್ಳೆಂದು ಯಾರೂ ಬಲವಂತಪಡಿಸಲಿಲ್ಲವಲ್ಲಾ ಎಂಬದು ಒಂದು ಪಕ್ಷದ ವಾದ. ಮುಚ್ಚಿಡಬಾರದಾಗಿತ್ತೆಂದು ಸಿಸೆರೋ ತೀರ್ಮಾನಿಸಿದನು.

ನಮ್ಮ ದೇಶದ ೧೮೮೨ನೆಯ ಸ್ವತ್ತು ವರ್ಗಾವಣೆಯ ಕಾಯಿದೆಯ ೫೫ನೆಯ ಕಲಮು ಸಹ ಹೀಗೆಯೇ ಇದೆ. ಕೊಳ್ಳುವವನು ಸಾಧಾರಣ ಜಾಗ್ರತೆಯಿಂದ ಕಾಣಲಾರದ, ಆದರೆ ಮಾರುವವನು ಬಲ್ಲ ಮುಖ್ಯ ದೋಷವನ್ನು ತಿಳಿಸದೆ ಬಿಡುವದು ಮೋಸವೆನಿಸುತ್ತದೆ.

ಆದರೆ 'ಬಲ್ಲ' ಎಂಬ ಮಾತಿನಲ್ಲಿ ಜಾಣರು ಒಂದು ಸಂದನ್ನು ಕಂಡಿದ್ದಾರೆ. ಬಡಗಿ ಬಂದರೆ ದೋಷ ತಿಳಿಯುವದು, ತಿಳಿದರೆ ಹೇಳಬೇಕಾಗುವದು, ಹೇಳಿದರೆ ಕ್ರಯ ಇಳಿಯುವದು, ಆದಕಾರಣ ಕರೆಯದಿರುವದೇ ಲೇಸು! ನಮ್ಮೊಳಗೂ ಹೀಗೆ ಲೆಕ್ಕ ಹಾಕುವವರಿದ್ದಾರೆಂದು ನಾಚಿಕೆಯಿಂದ ಒಪ್ಪುತ್ತೇವೆ. ಆದರೆ ಯಾವ ಮೂಲೆಯನ್ನು ತಟ್ಟಿನೋಡಬಾರದೆಂದು ಬಲ್ಲವನು ಆ ಮೂಲೆಯಲ್ಲಿ ಏನಿರುವದೆಂದೂ ಅರ್ಧ ಬಲ್ಲನಷ್ಟೆ. ಯಾಜಕಕಾಂಡದ ೧೪ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಗೋಡೆಯಲ್ಲಿ ಹಸುರು ಇಲ್ಲವೆ ಕೆಂಪು ಕಲೆಯಿದ್ದರೆ ಮನೆಯವನು ತಾನೇ ಹೋಗಿ ಯಾಜಕನಿಗೆ ತಿಳಿಸಬೇಕು. ನಿಶ್ಚಯವಾಗಿ ತಿಳಿದಿರಬೇಕೆಂದಿಲ್ಲ, ಏನೋ ಇರುವಂತೆ ಕಂಡರೆ ಸಾಕು. ಯಾಜಕನು ಬಂದು ನೋಡಿ, ಮನೆಯನ್ನು ಏಳು ದಿನ ಮುಚ್ಚಿಸಿ, ಮತ್ತೊಮ್ಮೆ ನೋಡುವನು.

ಸಾಲಕ್ಕಾಗಿ ಮನೆ ಮಾರುವ ಬಡವನು ನೂರು ರೂಪಾಯಿ ಕಡಿಮೆಯಾದರೂ ತಾಳಲಾರನೆಂಬದು ನಿಜ. ಅವನ ಕಷ್ಟವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೂ ಆ ತೊಲೆಯ ಕೆಳಗೆ ಇನ್ನೊಬ್ಬ ಬಡವನ ಮಕ್ಕಳು ಮಲಗುವರು; ಆ ಮನೆಗೋಸ್ಕರ ಅವನೂ ಸಾಲ ಮಾಡಿರಬಹುದು. ಮೊದಲೇ ನೋಡಿಸಿದರೆ ಎಷ್ಟೋ ಸಾರಿ ಒಂದು ತೊಲೆಯನ್ನು ಬದಲಾಯಿಸುವದರಲ್ಲಿಯೇ ಕೆಲಸ ತೀರುವದು.

ನೋಡುವದಕ್ಕೆ ಮಳೆಗಾಲವೇ ಒಳ್ಳೆಯ ಸಮಯ. ಹೆಂಚಿನ ಕೆಳಗೆ ನೀರಿನ ಗುರುತನ್ನು ಹುಡುಕಿ, ತೊಲೆಗಳ ತುದಿಯನ್ನು ಮೊಳೆಯಿಂದ ಚುಚ್ಚಿರಿ. ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳುಂಟೋ ನೋಡಿರಿ. ಸುಣ್ಣವನ್ನು ಆಮೇಲೆ ಬಳಿಯಬಹುದು.